ನಾಲ್ಕರ ಬಸ್ಸಿನ ಹಲ್ಲಿನ ಡಬ್ಬಿ

ಮೀನಾ ಅವನನ್ನು ಮೊದಲ ಸಲ ನೋಡಿದಾಗ ಅವನ ಅಂಗೈಯಲ್ಲಿ ಇನ್ನೊಬ್ಬರ ಹಲ್ಲುಗಳಿದ್ದವು. ಮತ್ತು ಅವನು ಸಿಟ್ಟಿನಲ್ಲಿದ್ದ.

"ಈ ಹಲ್ಲಿನ ಅಚ್ಚು ಕಟ್ಟಿ ಕಳಿಸಿದವ್ರು ಯಾರ್ರಿ?"

ಹುಮನಾಬಾದಿನ ಆ ಸಣ್ಣ ಹಲ್ಲಿನ ದವಾಖಾನೆಯಲ್ಲಿ ಆಗ ಮೂವರು ಕೂತಿದ್ದರು. ಮೂವರೂ ದವಡೆ ಹಿಡಿದುಕೊಂಡೇ ತಲೆ ಎತ್ತಿದರು. ಮೇಜಿನ ಹಿಂದೆ ಚೀಟಿ ಬರೆಯುತ್ತಿದ್ದ ಮೀನಾ ಎದ್ದು ನಿಂತಳು.

"ನಾನೇರಿ... ಯಾಕ?"

"ಯಾಕಂದ್ರ, ಬಸವಣಪ್ಪ ಸಾವ್ಕಾರ್ರ ಬಾಯಾಗ ಈ ಸೆಟ್ ಕುಂದ್ರವಲ್ದು. ಮಾತಾಡಿದ್ರ ಟಕಟಕ ಅನ್ನಾಕತ್ತದ. ಏನಪಾ, ಹಲ್ಲು ಕೊಟ್ಟಿಯೋ ಎತ್ತಿನ ಗೆಜ್ಜಿ ಕೊಟ್ಟಿಯೋ ಅಂತ ಫೋನಿನಾಗ ಕೇಳಿದ್ರು!"

ಕೂತವರಲ್ಲಿ ಒಬ್ಬ ನಕ್ಕ. ನಕ್ಕಿದ್ದಕ್ಕೆ ಹಲ್ಲು ನೊಂದು ಮತ್ತೆ ದವಡೆ ಹಿಡಿದುಕೊಂಡ. ಮೀನಾಳ ಕಿವಿ ಬಿಸಿಯಾದವು.

"ಅದಕ ನಾ ಏನ್ ಮಾಡ್ಬೇಕ್ರಿ? ಹಲ್ಲು ಮಾಡಿದವ್ರು ನೀವು."

"ಅಚ್ಚು ಒಣಾ ಕಳಿಸಿದವ್ರು ನೀವು! ಬಾಯಿಂದ ತೆಗೆದ ಅಚ್ಚು ಒದ್ದಿ ಅರಿವ್ಯಾಗ ಸುತ್ತಿ ಕಳಸ್ಬೇಕು. ಒಣಗಿತಂದ್ರ ಕುಗ್ತದ. ಕಣ್ಣಿಗಿ ಕಾಣಂಗಿಲ್ಲ, ಖರೇ ಕುಗ್ತದ. ಆಮ್ಯಾಲ ನಾ ಎಷ್ಟ ಚಂದ ಮಾಡಿದ್ರೂ ಅದು ಆ ಬಾಯಿದಾಗಿರಂಗಿಲ್ಲ."

ಮೀನಾಗೆ ಇದು ಗೊತ್ತಿರಲಿಲ್ಲ. ಕೆಲಸಕ್ಕೆ ಸೇರಿ ಎಂಟೇ ದಿನ. ತಪ್ಪು ತನ್ನದು ಅನ್ನುವುದು ತಿಳಿದಷ್ಟೂ ಅವಳ ದನಿ ಏರಿತು.

"ಮೊದ್ಲ ದಿನಾನ ಡಬ್ಬಿ ಮ್ಯಾಲ ಒಂದ್ ಮಾತು ಬರ್ದು ಕಳಿಸಿದ್ರ ನಿಮ್ದೇನ್ ಹೋಗ್ತಿತ್ತು? ಹೊಸಬ್ರಿಗಿ ಕನಸ ಬೀಳ್ತದೇನು?"

ಅವನು ಅಂಗೈಯಲ್ಲಿದ್ದ ಸಾವ್ಕಾರರ ಹಲ್ಲುಗಳ ಕಡೆ ನೋಡಿದ, ಅವಾದರೂ ತನ್ನ ಪರವಾಗಿ ಮಾತಾಡಲಿ ಎನ್ನುವಂತೆ.

ಒಳಗಿನಿಂದ ಡಾಕ್ಟರ್ ವಿದ್ಯಾವತಿ ಕೈಗವಸು ಬಿಚ್ಚುತ್ತ ಹೊರಗೆ ಬಂದರು.

"ಸಂಜು, ಜರಾ ದನಿ ಇಳಿಸೋ. ಈಕಿ ನಾಳಿ ಡಾಕ್ಟರ್ ಆಗಾಕಿ. ಆವಾಗ ನೀನೇ ಕೈ ಕಟ್ಟಿ ನಿಂತು ಹೌದ್ರಿ ಮೇಡಂ ಅನ್ಬೇಕಾಗ್ತದ."

ಅವನು ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಆ ನೋಟದಲ್ಲಿ ಈಗ ಸಿಟ್ಟಿರಲಿಲ್ಲ... ಏನಿತ್ತು ಎಂದು ಹೇಳುವಷ್ಟು ಹೊತ್ತು ಮೀನಾ ನೋಡಲಿಲ್ಲ.

* * *

ಸಂಜುಕುಮಾರ ಮೋರಖಂಡಿಯವನು. ಬಸವಕಲ್ಯಾಣದಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹಲ್ಲು ಮಾಡುವ ಕೆಲಸ. ಸುತ್ತಲಿನ ದವಾಖಾನೆಗಳಿಂದ ಬಾಯಿಯ ಅಚ್ಚುಗಳು ಡಬ್ಬಿಯಲ್ಲಿ ಅವನ ಬಳಿ ಹೋಗುತ್ತಿದ್ದವು, ಹಲ್ಲುಗಳಾಗಿ ತಿರುಗಿ ಬರುತ್ತಿದ್ದವು. ಹುಮನಾಬಾದಿನ ಡಬ್ಬಿ ಬೆಳಿಗ್ಗೆ ಹತ್ತರ ಬಸ್ಸಿಗೆ ಹೋಗಿ ಸಂಜೆ ನಾಲ್ಕರ ಬಸ್ಸಿಗೆ ಬರುತ್ತಿತ್ತು. ಒಯ್ಯುವವನು ಕಂಡಕ್ಟರ್ ಮಹೆಬೂಬ.

ಮೀನಾ ದುಬಲಗುಂಡಿಯವಳು. ಎರಡು ವರ್ಷ ಒಬ್ಬಳೇ ಕೂತು ಓದಿ ನೀಟ್ ಬರೆದಿದ್ದಳು. ಕಲಬುರಗಿಯ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆಂದು ಪ್ರತಿವರ್ಷ ಮೂರು ಸೀಟು ತೆಗೆದಿಡುತ್ತಿದ್ದರು. ಓದಿನ ಖರ್ಚೆಲ್ಲ ಕಾಲೇಜಿನದೇ. ಈ ವರ್ಷ ಅದಕ್ಕೆ ಕರೆದವರು ಹದಿನೆಂಟು ಮಂದಿ. ಅವರಲ್ಲಿ ಮೀನಾ ಒಬ್ಬಳು. ಸಂದರ್ಶನಕ್ಕೆ ಇನ್ನು ನಾಲ್ಕು ವಾರ. ಇದೊಂದು ಕೈ ತಪ್ಪಿದರೆ ಇನ್ನೊಂದು ದಾರಿ ಅವಳಿಗಿರಲಿಲ್ಲ.

"ಮಾತು ನಾ ಕಲಿಸ್ತೀನಿ," ಎಂದರು ಅವತ್ತೇ ವಿದ್ಯಾವತಿ. "ಆದ್ರ ಅಲ್ಲಿ ಕೈ ಪರೀಕ್ಷಾನೂ ಇರ್ತದ. ಒಂದು ಖಡು, ಸೀಮೆಸುಣ್ಣದ ಕಡ್ಡಿ, ಕೊಟ್ಟು ಹಲ್ಲು ಕೆತ್ತು ಅಂತಾರ. ನಾ ಹಲ್ಲು ಕೀಳಾಕಿ, ಕೆತ್ತಾಕಿ ಅಲ್ಲ. ಅದಕ ಇಂವನ ಬೇಕು. ಸಂಜು, ಈಕಿಗಿ ಕಲಿಸು."

"ಹ್ಯಾಂಗ್ರಿ ಮೇಡಂ? ನಾ ಅಲ್ಲಿ, ಇವ್ರು ಇಲ್ಲಿ."

"ಡಬ್ಬಿ ದಿನಾ ಹೋಗಿ ಬರ್ತದಲ್ಲ. ಅದಕೇನು ಟಿಕೆಟ್ ಬೇಕಾ?"

ಹಾಗೆ ಶುರುವಾಯಿತು.

ಮರುದಿನ ನಾಲ್ಕರ ಬಸ್ಸಿಗೆ ಬಂದ ಡಬ್ಬಿಯಲ್ಲಿ ಒಂದು ದವಡೆಯ ಪ್ಲಾಸ್ಟರಿನ ಮಾದರಿ, ಆರು ಸೀಮೆಸುಣ್ಣದ ಕಡ್ಡಿ, ಒಂದು ಸಣ್ಣ ಚಾಕು, ಒಂದು ಚೀಟಿ ಇದ್ದವು. ದುಂಡು ಅಕ್ಷರ.

'ಮೊದಲ ಪಾಠ. ಮಾದರಿಯನ್ನು ಮಗುಚಿ ತಳ ನೋಡಿರಿ. ಅಲ್ಲಿ ನೀಲಿ ಪೆನ್ಸಿಲ್ಲಿನಿಂದ ಹೆಸರು ಬರೆದಿರುತ್ತೇನೆ. ನಮ್ಮ ಕೆಲಸದಲ್ಲಿ ಮೊದಲು ಹೆಸರು, ಆಮೇಲೆ ಹಲ್ಲು. ಯಾರದೋ ಅವರ ಹೆಸರು ತಳದಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದು ಯಾರದೂ ಅಲ್ಲದ ಬಾಯಿ. ಎರಡನೆಯ ಪಾಠ. ನಿನ್ನೆ ಕೂಗಾಡಿದ್ದು ನನ್ನ ತಪ್ಪು.'

ಮೀನಾ ಚೀಟಿಯನ್ನು ಎರಡು ಸಲ ಓದಿದಳು. 'ಎರಡನೇ ಪಾಠ ಮೊದಲು ಬರೀಬೇಕಿತ್ತು...' ಎಂದುಕೊಂಡಳು. ಆದರೂ ಚೀಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟಳು.

ಅವಳು ಕೆತ್ತಿದ ಮೊದಲ ಹಲ್ಲು ಜೋಳದ ಕಾಳಿನಂತಿತ್ತು. ಡಬ್ಬಿಯಲ್ಲಿ ಕಳಿಸಿದಳು. ಸಂಜೆ ಅದು ಮೂರು ಕಡೆ ಕೆಂಪು ಗುರುತು ಹಾಕಿಸಿಕೊಂಡು ವಾಪಸ್ಸು ಬಂತು. 'ಇದು ಯಾವ ಪ್ರಾಣಿಯ ಹಲ್ಲು?' ಎಂದು ಚೀಟಿ ಕೇಳಿತ್ತು. 'ಇಂಥ ಪ್ರಶ್ನೆ ಕೇಳುವ ಪ್ರಾಣಿಯದು' ಎಂದು ಅವಳು ಬರೆದಳು.

ಆಮೇಲಿನ ಚೀಟಿಗಳಲ್ಲಿ ಕೆತ್ತನೆಯ ತಪ್ಪುಗಳ ಜೊತೆಗೆ ದಿನಕ್ಕೊಂದು ಸಂದರ್ಶನದ ಪ್ರಶ್ನೆಯೂ ಬರತೊಡಗಿತು. ಪ್ರಶ್ನೆ ಒಂದು: ಹಲ್ಲಿನ ಡಾಕ್ಟರೇ ಯಾಕೆ ಆಗಬೇಕು? ಪ್ರಶ್ನೆ ನಾಲ್ಕು: ಹೆದರಿದ ಮಗುವಿನ ಬಾಯಿ ಹೇಗೆ ತೆರೆಸುತ್ತೀರಿ? ಪ್ರಶ್ನೆ ಒಂಬತ್ತು: ನಿಮಗೆ ಸಿಟ್ಟು ಬಂದರೆ ಏನು ಮಾಡುತ್ತೀರಿ? (ಇದಕ್ಕೆ ಉತ್ತರ ನನಗೆ ಗೊತ್ತಿದೆ, ಬರೆಯಬೇಡಿರಿ.)

ಒಂಬತ್ತನೆಯ ಪ್ರಶ್ನೆ ಓದಿ ಮೀನಾ ಗಟ್ಟಿಯಾಗಿ ನಕ್ಕುಬಿಟ್ಟಳು. ನಕ್ಕ ಮೇಲೆ ಅವಳಿಗೇ ಗಾಬರಿಯಾಯಿತು. ತನ್ನ ನಗುವಿನ ಸದ್ದು ಅವಳಿಗೆ ಮರೆತೇ ಹೋಗಿತ್ತು!

ಮನೆಯಲ್ಲಿ ನಗುವವರು ಯಾರಿದ್ದರು? ಅವ್ವ ಜಗದೇವಿ ತೀರಿ ಮೂರು ವರ್ಷ. ಅಪ್ಪ ಹಣಮಂತ ಬೆಳಕು ಹರಿಯುವ ಮೊದಲೇ ಬೇರೆಯವರ ಹೊಲಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುವುದು. ಮಮತೆಯಿಲ್ಲದ ಮನುಷ್ಯನಲ್ಲ. ಆದರೆ ಆ ಮನೆಯ ಮಾತೆಲ್ಲ ಅವ್ವನ ಬಾಯಲ್ಲೇ ಇತ್ತು, ಅವಳೊಂದಿಗೇ ಹೋಯಿತು.

"ಉಂಡಿ ಏನವ್ವಾ?"

"ಹೂಂ ಅಪ್ಪಾ. ನೀ?"

"ಹೂಂ."

ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಜೊತೆಗೆ ಓದಿದ ಗೆಳತಿಯರಿಗೆಲ್ಲ ಮದುವೆಯಾಗಿ ಅವರವರ ಊರು ಸೇರಿದ್ದರು. ಮೀನಾ ಬಾಗಿಲ ಬಳಿ ಕೂತು ಸೀಮೆಸುಣ್ಣ ಕೆತ್ತುತ್ತಿದ್ದಳು. ಬಿಳಿ ಪುಡಿ ಮಡಿಲ ತುಂಬ ಬೀಳುತ್ತಿತ್ತು. ಓಣಿಯಲ್ಲಿ ಹೋಗುವ ನೆರೆಮನೆಯ ಸರುಬಾಯಿ, "ಏನ್ ಹುಡುಗಿ, ರಂಗೋಲಿ ಹಾಕಾಕತ್ತಿಯೋ, ಗ್ವಾಡಿಗಿ ಸುಣ್ಣ ಹಚ್ಚಾಕತ್ತಿಯೋ?" ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗಿಬಿಡುತ್ತಿದ್ದಳು.

ಹೀಗಾಗಿ ನಾಲ್ಕರ ಬಸ್ಸು ಅವಳ ದಿನದ ನಡು ಆಗಿಹೋಯಿತು. ಮೂರೂವರೆಗೇ ಅವಳ ಕಣ್ಣು ಗಡಿಯಾರಕ್ಕೆ ಹೋಗುತ್ತಿತ್ತು. ಬಸ್ ನಿಲ್ದಾಣದಲ್ಲಿ ಮಹೆಬೂಬ ಕಿಟಕಿಯಿಂದಲೇ ಡಬ್ಬಿ ಎತ್ತಿ ತೋರಿಸುತ್ತಿದ್ದ.

"ತಗೋ ಬೇಟಾ, ಹಲ್ಲಿನ ಡಬ್ಬಿ! ಇವತ್ತ ಯಾರಿಗೂ ಕಡೀಲಿಲ್ಲ, ಗಪ್ ಕುಂತಿತ್ತು."

'ಇದು ಬರೀ ಪಾಠ... ಅಷ್ಟೇ...' ಎಂದು ಮೀನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಡಬ್ಬಿಯನ್ನು ಮಾತ್ರ ಎದೆಗವಚಿಕೊಂಡೇ ನಡೆಯುತ್ತಿದ್ದಳು.

* * *

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ವಿದ್ಯಾವತಿ ಅವಳನ್ನು ಬಸವಕಲ್ಯಾಣಕ್ಕೆ ಕಳಿಸಿದರು. "ಚೀಟ್ಯಾಗ ಉತ್ತರ ಬರ್ಯೋದು ಬ್ಯಾರೆ, ಮಾರಿ ಮುಂದ ಹೇಳೋದು ಬ್ಯಾರೆ. ಹೋಗು, ಅಂವ ಪ್ರಶ್ನೆ ಕೇಳ್ಲಿ, ನೀ ಎದುರಿಗಿ ಕುಂತು ಹೇಳು."

ಸೈಕಲ್ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು. ಮೇಲೆ ಪ್ಲಾಸ್ಟರಿನ ಪುಡಿ ಹಾರಾಡುವ ಒಂದೇ ಕೋಣೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳೀ ದವಡೆಗಳು, ಸಾಲು ಸಾಲು. ನೂರು ಬಾಯಿಗಳಿದ್ದ ಕೋಣೆ ಅದು, ಆದರೆ ಮಾತಾಡುವವರು ಯಾರೂ ಇರಲಿಲ್ಲ.

'ಇವನೂ ದಿನವಿಡೀ ಒಬ್ಬನೇ...' ಎಂದು ಅವಳಿಗೆ ಅನ್ನಿಸಿತು.

ಸಂಜು ಅವಳಿಗಾಗಿ ಕುರ್ಚಿಯನ್ನು ಒರೆಸಿಟ್ಟಿದ್ದ. ಕೆಳಗಿನಿಂದ ತರಿಸಿದ ಚಹಾ ಆರದಂತೆ ಬಟ್ಟಲು ಮುಚ್ಚಿಟ್ಟಿದ್ದ. ಅಂಗಿಯ ತೋಳಿನ ಪ್ಲಾಸ್ಟರಿನ ಕಲೆ ಕಾಣದಂತೆ ಮಡಚಿಕೊಂಡು, ಗಂಭೀರವಾಗಿ ಎದುರು ಕೂತ.

"ಹೆಸರು?"

"ಮೀನಾ ಹಣಮಂತ... ನಿಮ್ಗ ಗೊತ್ತಿಲ್ಲೇನು?"

"ನಗಬ್ಯಾಡ್ರಿ. ನಾ ಈಗ ಪ್ರಿನ್ಸಿಪಾಲ್ ಇದ್ದೀನಿ."

"ಪ್ರಿನ್ಸಿಪಾಲ್ರ ಮೂಗಿಗಿ ಸುಣ್ಣ ಹತ್ಯದ."

ಅವನು ಮೂಗು ಒರೆಸಿಕೊಂಡ, ಸುಣ್ಣ ಕೆನ್ನೆಗೂ ಹತ್ತಿತು. ಇಬ್ಬರೂ ನಕ್ಕರು. ಹತ್ತು ಪ್ರಶ್ನೆಗಳವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಆಮೇಲೆ ಅವನು ಕೇಳಿದ.

"ನಿಮ್ಮೂರಾಗ ಹೆಣ್ಮಕ್ಳು ಮಿಸ್ರಿ ತಿಕ್ತಾರ. ಅವ್ರಿಗಿ ನೀವು ಏನ್ ಹೇಳ್ತೀರಿ?"

ಮೀನಾಳ ಬೆನ್ನು ನೆಟ್ಟಗಾಯಿತು.

ಮಿಸ್ರಿ... ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಬೆರಳ ತುದಿಯಿಂದ ಹಲ್ಲಿಗೆ ತಿಕ್ಕುವುದು. ಅವಳ ಬಾಲ್ಯದ ಬೆಳಗಿನ ವಾಸನೆಯೇ ಅದು. ಅವ್ವ ಹೊಸ್ತಿಲ ಮೇಲೆ ಕೂತು ಮಿಸ್ರಿ ತಿಕ್ಕುತ್ತ ಅವಳಿಗೆ ಹೆರಳು ಹಾಕುತ್ತಿದ್ದಳು. ಆ ಬಾಯಲ್ಲೇ ಹುಣ್ಣಾಯಿತು. ಆ ಹುಣ್ಣೇ ಅವಳನ್ನು ಒಯ್ದಿತು.

ಇದನ್ನು ಮೀನಾ ಯಾರಿಗೂ ಹೇಳಿದವಳಲ್ಲ. ವಿದ್ಯಾವತಿಯವರಿಗೆ ಮಾತ್ರ ಗೊತ್ತಿತ್ತು. ಹೇಳಲು ಹೋದರೆ ಅಳು ಬರುತ್ತಿತ್ತು. ಅದಕ್ಕೇ ಈ ಪ್ರಶ್ನೆಗೆಂದು ಪುಸ್ತಕದ ನಾಲ್ಕು ಸಾಲು ಬಾಯಿಪಾಠ ಮಾಡಿದ್ದಳು. ಅವನ್ನೇ ಒಪ್ಪಿಸಿದಳು, ಇಂಗ್ಲಿಷಿನಲ್ಲಿ, ಉಸಿರು ತೆಗೆದುಕೊಳ್ಳದೆ. ಟೊಬ್ಯಾಕೋ ಆರೋಗ್ಯಕ್ಕೆ ಹಾನಿಕರ, ಜಾಗೃತಿ ಮೂಡಿಸಬೇಕು, ಶಿಬಿರ ಮಾಡಬೇಕು...

ಸಂಜು ತಲೆ ಅಲ್ಲಾಡಿಸಿದ.

"ಇದು ತಂಬಾಕಿನ ಪುಡಿಕಿ ಮ್ಯಾಲ ಛಾಪಿಸ್ಯಾರ. ಅದನ್ನ ಓದಾಕ ಡಾಕ್ಟರ್ ಯಾಕ ಬೇಕ್ರಿ? ಮಿಸ್ರಿ ತಿಕ್ಕೊ ಹೆಣ್ಮಗಳ ಮಾರಿ ಯಾವತ್ತರ ಹತ್ರಲಿಂದ ನೋಡೀರೇನು?"

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ನೋಡೀನಿ," ಎಂದಳು ಮೀನಾ. ದನಿ ಅವಳದಲ್ಲ ಎನ್ನುವಂತಿತ್ತು. "ನಿಮಗಿಂತ ಭಾಳ ಹತ್ರಲಿಂದ ನೋಡೀನಿ."

ಎದ್ದಳು. ಚೀಲ ಹೆಗಲಿಗೇರಿಸಿದಳು.

"ಮೀನಾ... ನಾ ಅಂದಿದ್ದು..."

"ನಾಳಿಂದ ಚೀಟಿ ಕಳಸ್ಬ್ಯಾಡ್ರಿ. ಹಲ್ಲು ಕಳಸ್ರಿ ಸಾಕು."

ಮೆಟ್ಟಿಲು ಇಳಿಯುವಾಗ ಅವಳ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. 'ಗಿಣಿ ಅಂದ್ಕೊಂಡಾನ ನನ್ನ. ಬಾಯಿಪಾಠದ ಗಿಣಿ! ಅವ್ವಾ, ನಿನ್ನ ಮಾರಿ ನೋಡೀಯೇನು ಅಂತ ಕೇಳಿದಾ... ನನಗ ಕೇಳಿದಾ...'

ಮೇಲೆ ಕೋಣೆಯಲ್ಲಿ ಸಂಜು ನಿಂತೇ ಇದ್ದ. ಕುಡಿಯದೆ ಬಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ನಾಳೆ ಡಾಕ್ಟರಾಗುವವಳಿಗೆ ತಾನು ಯಾರು ಬುದ್ಧಿ ಹೇಳಲು, ಎಂದು ಅವನು ತನ್ನನ್ನೇ ಬೈದುಕೊಂಡದ್ದು ಅವಳಿಗೆ ಕೇಳಿಸುವಂತಿರಲಿಲ್ಲ.

* * *

ಸೋಮವಾರದ ಡಬ್ಬಿಯಲ್ಲಿ ಚೀಟಿ ಇರಲಿಲ್ಲ.

ಹೇಳಿದವಳು ತಾನೇ. ಆದರೂ ಹತ್ತಿಯನ್ನೆಲ್ಲ ತೆಗೆದು, ಡಬ್ಬಿಯ ಮೂಲೆಗಳನ್ನೆಲ್ಲ ತಡವಿ ನೋಡಿದಳು. ಮಾದರಿ, ಹೊಸ ಹಲ್ಲು, ಅಷ್ಟೇ. ಮುಚ್ಚಳದ ಮೇಲೆ ಪೇಷಂಟಿನ ಹೆಸರಿತ್ತು. ಅದನ್ನು ಓದಿ, ಹಲ್ಲನ್ನು ಒಳಗೆ ಕೊಟ್ಟು, ಮಾದರಿಯನ್ನು ಕಪಾಟಿನಲ್ಲಿಟ್ಟಳು. ಮುಗಿದ ಕೆಲಸದ ಮಾದರಿಗಳನ್ನು ಆರು ತಿಂಗಳು ಅಲ್ಲಿಡುವುದು ದವಾಖಾನೆಯ ರೂಢಿ.

ಮಂಗಳವಾರವೂ ಇಲ್ಲ. ಬುಧವಾರವೂ ಇಲ್ಲ.

'ಎಷ್ಟು ಬೇಗ ಬಿಟ್ಟನಲ್ಲ... ಬಿಡು ಅಂದಿದ್ದೇ ತಡ ಬಿಟ್ಟುಬಿಟ್ಟನಲ್ಲ...'

ಅವಳೂ ಕೆತ್ತಿದ ಹಲ್ಲುಗಳನ್ನು ಕಳಿಸುವುದನ್ನು ನಿಲ್ಲಿಸಿದಳು. ಮನೆಯಲ್ಲಿ ಗೋಡೆಯ ಗೂಡಿನೊಳಗೆ ಒಂದರ ಪಕ್ಕ ಒಂದು ಇಡುತ್ತ ಹೋದಳು. ತಪ್ಪಿದೆಯೋ ಸರಿಯಿದೆಯೋ ಹೇಳುವವರಿಲ್ಲದ ಹಲ್ಲುಗಳು.

"ಸಂಜು ಭಾಯಿಗಿ ಏನಾಗ್ಯದ ಬೇಟಾ?" ಮಹೆಬೂಬ ಒಂದು ದಿನ ಟಿಕೆಟ್ ಯಂತ್ರವನ್ನು ಕೊರಳಿಗೆ ಸರಿಪಡಿಸಿಕೊಳ್ಳುತ್ತ ಕೇಳಿದ. "ಬತ್ತೀಸೂ ಹಲ್ಲು ಒಮ್ಮೆಲೆ ಕಿತ್ತಿಸ್ಕೊಂಡವ್ರಂಗ ಮಾರಿ ಮಾಡ್ಯಾನ. ಡಬ್ಬಿ ನನ್ನ ಕೈಯಾಗ ಕೊಟ್ಟು, ಮಹೆಬೂಬಭಾಯಿ, ಆಕಿ ತಗೊಂಡ್ಳು ಅಲ್ಲಾ, ತಗೊಂಡ್ಳು ಅಲ್ಲಾ ಅಂತ ದಿನಾ ಕೇಳ್ತಾನ."

"ಹಲ್ಲು ಮುಟ್ಟಿತೋ ಇಲ್ಲೋ ಅಂತ ಕೇಳ್ತಿರ್ಬೇಕು."

"ಮೊದ್ಲೂ ಹಲ್ಲೇ ಬರ್ತಿದ್ವಲ್ಲ? ಆವಾಗ ಕೇಳ್ತಿದ್ದಿಲ್ಲ."

ಮೀನಾ ಡಬ್ಬಿ ತೆಗೆದುಕೊಂಡು ಹೊರಟಳು. ಆ ಸಂಜೆ ದುಬಲಗುಂಡಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ಕೂತಳು. ಹೊರಗೆ ತೊಗರಿ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಬಸ್ಸು ತುಂಬ ಮಂದಿಯಿದ್ದರು. ತನ್ನನ್ನು ಮಾತಾಡಿಸುವವರು ಇಲ್ಲಿ ಯಾರೂ ಇಲ್ಲ ಅನ್ನುವುದು ಅವಳಿಗೆ ಹೊಸದಲ್ಲ. ಹೊಸದಾದದ್ದೆಂದರೆ, ಅದು ಈಗ ನೋಯುತ್ತಿತ್ತು.

ಅಪ್ಪ ಊಟಕ್ಕೆ ಕೂತಾಗ ಗೂಡಿನ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಅದ್ರಾಗ ನಿಮ್ಮವ್ವನ ಹಲ್ಲಿನಂಥಾದು ಒಂದದ," ಎಂದ. "ಮೂರನೇದು. ಜರಾ ಸೊಟ್ಟಗ."

ಮೀನಾ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಮೂರು ವರ್ಷದಲ್ಲಿ ಅಪ್ಪ ಅವ್ವನ ಬಗ್ಗೆ ಆಡಿದ ಮೊದಲ ಮಾತು ಅದು. ಅವಳು ಏನಾದರೂ ಅನ್ನುವಷ್ಟರಲ್ಲಿ ಅವನು ಕೈ ತೊಳೆದು ಹೊರಗೆ ಹೋಗಿಬಿಟ್ಟಿದ್ದ.

* * *

ಸಂದರ್ಶನಕ್ಕೆ ಇನ್ನೆರಡು ದಿನ.

"ನಾಳಿ ನೀ ಬರೋದು ಬ್ಯಾಡ," ಎಂದರು ವಿದ್ಯಾವತಿ. "ಮನ್ಯಾಗ ಕುಂತು ಓದು. ಇವತ್ತ ಆ ಕಪಾಟು ಒಂದಿಷ್ಟು ಹಸನ ಮಾಡಿ ಹೋಗು. ಹಳೀ ಮಾಡೆಲ್ ತೆಗೆದು ಹಾಕು, ಹೊಸಾವು ಸಾಲಾಗಿ ಇಡು."

ಮೀನಾ ಸ್ಟೂಲು ಹತ್ತಿದಳು. ಮುಚ್ಚಳವಿಲ್ಲದ ಮಾದರಿ ಯಾರದೆಂದು ತಿಳಿಯುವುದು ತಳ ನೋಡಿದರೇ. ಒಂದನ್ನು ಎತ್ತಿ ಮಗುಚಿದಳು.

ನೀಲಿ ಪೆನ್ಸಿಲ್ಲಿನಲ್ಲಿ ಹೆಸರು: ದತ್ತಾತ್ರಿ. ಅದರ ಕೆಳಗೆ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ...

'ನಿಮ್ಮ ಅವ್ವನ ವಿಷಯ ಡಾಕ್ಟರಮ್ಮ ಫೋನಿನಲ್ಲಿ ಹೇಳಿದರು. ನನಗೆ ಗೊತ್ತಿರಲಿಲ್ಲ. ಆ ಮಾತು ವಾಪಸ್ಸು ತಗೊಳ್ಳಲಿಕ್ಕೆ ಬರುವುದಿಲ್ಲ. ತಪ್ಪಾಯಿತು.'

ಮೀನಾ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತಳು. ಚೀಟಿ ನಿಂತ ಹನ್ನೊಂದು ದಿನಗಳಲ್ಲಿ ಬಂದ ಮಾದರಿಗಳನ್ನೆಲ್ಲ ಇಳಿಸಿಕೊಂಡು ಒಂದೊಂದಾಗಿ ಮಗುಚಿದಳು.

ವೀರಭದ್ರ. 'ನಮ್ಮ ಅವ್ವನ ಹೆಸರು ಗಯಾಬಾಯಿ. ಬಾಯಲ್ಲಿ ಹಲ್ಲು ಒಂದೂ ಇಲ್ಲ. ಸೆಟ್ ನಾನೇ ಮಾಡಿಕೊಟ್ಟೆ. ಅದನ್ನು ದೇವರ ಜಗಲಿ ಮೇಲೆ ಇಟ್ಟು ಕೈ ಮುಗಿದು, ವಸಡಿಗೆ ಮಿಸ್ರಿ ತಿಕ್ಕುತ್ತಾಳೆ.'

ಶಕುಂತಲಾಬಾಯಿ. 'ಬೈದೆ. ಮಿಸ್ರಿ ಡಬ್ಬಿ ಬಚ್ಚಿಟ್ಟೆ. ಮಾತು ಬಿಟ್ಟೆ. ಅವಳಿಗೆ ಏನು ಹೇಳಬೇಕೋ ನನಗೆ ತಿಳಿಯದು. ನಿಮಗೆ ತಿಳಿದಿರಬಹುದು ಎಂದು ಅವತ್ತು ಕೇಳಿದೆ. ಪರೀಕ್ಷೆ ಮಾಡಲಿಕ್ಕಲ್ಲ.'

ಗುರುನಾಥ. 'ಉತ್ತರ ಬರಲಿಲ್ಲ. ಬರಲೇಬೇಕೆಂದಿಲ್ಲ. ಸೀಮೆಸುಣ್ಣವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಬೇಡಿರಿ, ಮುರಿಯುತ್ತದೆ. ಕೋರೆಹಲ್ಲಿನಲ್ಲಿ ಎಡ ಬಲ ನೋಡಿಕೊಳ್ಳಿರಿ, ನೀವು ಎರಡು ಸಲ ತಪ್ಪಿದ್ದೀರಿ.'

ಕಡೆಯದು ನಿನ್ನೆ ಬಂದದ್ದು. ಮಹೇಶಕುಮಾರ.

'ಕೊನೆಯ ಪ್ರಶ್ನೆ. ನೀವು ಹೋದ ಮೇಲೆ ಈ ಡಬ್ಬಿಯನ್ನು ಯಾರು ತೆಗೆಯುತ್ತಾರೆ?'

ಮೀನಾ ಆ ಪ್ಲಾಸ್ಟರಿನ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ತಳ ನೋಡಿರಿ ಎನ್ನುವುದೇ ಅವನು ಕಲಿಸಿದ ಮೊದಲ ಪಾಠ. ಅದನ್ನೇ ಅವಳು ಮರೆತಿದ್ದಳು!

ವಿದ್ಯಾವತಿ ಬಾಗಿಲಿಗೆ ಬಂದು ನಿಂತರು.

"ಯಾರ ಬಾಯದು, ಇಷ್ಟ ಅಳಸಾಕತ್ತದ?"

"ಯಾರದೂ ಅಲ್ರಿ ಮೇಡಂ..."

"ಹೌದೌದು. ಯಾರದೂ ಅಲ್ಲ. ಮಾರಿ ತೊಳ್ಕೊಂಡು ಮನೀಗಿ ಹೋಗು. ಮೊದ್ಲ ಆ ಪರೀಕ್ಷಾ ಮುಗಸು. ಉಳಿದದ್ದು ಆಮ್ಯಾಲ ಅಳಬಹುದು."

* * *

ಕಲಬುರಗಿಯ ಆ ಕೋಣೆಯಲ್ಲಿ ಮೂವರು ಹಿರಿಯರು ಕೂತಿದ್ದರು. ಮೊದಲು ಅರ್ಧ ಗಂಟೆ ಸೀಮೆಸುಣ್ಣದ ಪರೀಕ್ಷೆ. ಬಲಗಡೆಯ ಮೇಲಿನ ಕೋರೆಹಲ್ಲು. ಮೀನಾ ಎಡಗೈಯನ್ನು ಸಡಿಲ ಬಿಟ್ಟಳು. ಎಡ ಬಲ ಎರಡೆರಡು ಸಲ ನೋಡಿಕೊಂಡಳು. ಅದು ಮುರಿಯಲಿಲ್ಲ.

ಆಮೇಲೆ ಮಾತು. ಕನ್ನಡಕದ ಡಾಕ್ಟರಮ್ಮ ಅವಳ ಅರ್ಜಿ ತಿರುವಿ ಕೇಳಿದರು.

"ಹಳ್ಳಿಯಿಂದ ಬಂದಿದ್ದೀರಿ. ತಂಬಾಕು ಬಿಡದ ಹೆಣ್ಣುಮಗಳು ನಿಮ್ಮ ಮುಂದೆ ಕೂತರೆ ಮೊದಲು ಏನು ಹೇಳುತ್ತೀರಿ?"

ಆ ನಾಲ್ಕು ಇಂಗ್ಲಿಷ್ ಸಾಲು ನಾಲಿಗೆಯ ತುದಿಗೇ ಬಂದವು. ಮೀನಾ ಅವನ್ನು ನುಂಗಿದಳು.

"ಕನ್ನಡದಾಗ ಹೇಳ್ಲೇನ್ರಿ?"

"ಹೇಳಿ."

"ಮೊದಲು ಏನೂ ಹೇಳಂಗಿಲ್ರಿ. ಬಾಯಿ ತೋರ್ಸು ಅಂತೀನಿ, ಅಷ್ಟೇ. ನಮ್ಮವ್ವ ಮಿಸ್ರಿ ತಿಕ್ತಿದ್ಳು. ಗಲ್ಲದ ಒಳಗ ಹುಣ್ಣಾತು. ಎಂಟು ತಿಂಗಳ ಸೆರಗು ಮುಚ್ಚಿ ಇಟ್ಕೊಂಡ್ಳು. ನನಗೂ ತೋರಸ್ಲಿಲ್ಲ. ಯಾಕಂದ್ರ ತೋರಿಸಿದ್ರ ಬೈತಾರ ಅಂತ ಆಕಿಗಿ ಗೊತ್ತಿತ್ತು... ಬೈತಿದ್ದಾಕಿ ನಾನೇರಿ. ಶಾಲ್ಯಾಗ ಕಲ್ತಿದ್ದನ್ನೆಲ್ಲ ದಿನಾ ಆಕಿಗಿ ಹೇಳಿ ಬೈತಿದ್ದೆ. ನಾ ಬೈದಿದ್ದಿಲ್ಲಂದ್ರ ಆಕಿ ಮೊದ್ಲೇ ಬಾಯಿ ತೆಗೀತಿದ್ಳು."

ಅಳು ಬಂತು. ಆದರೆ ಮಾತು ಮುಗಿದಿತ್ತು.

ಕನ್ನಡಕದ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಕೆತ್ತಿದ ಹಲ್ಲನ್ನು ಅವಳ ಕಡೆ ಸರಿಸಿದರು. "ಇದನ್ನು ನೀವೇ ಇಟ್ಟುಕೊಳ್ಳಿ. ಯಾರು ಕಲಿಸಿದರು?"

"ಬಸವಕಲ್ಯಾಣದಾಗ ಒಬ್ರು ಅದಾರ್ರಿ," ಎಂದಳು. ಹೇಳುವಾಗ ತನ್ನ ಮುಖ ಏನು ಹೇಳುತ್ತಿದೆಯೋ ಎಂದು ಹೆದರಿ ತಲೆ ತಗ್ಗಿಸಿದಳು.

ಮಧ್ಯಾಹ್ನ ಮೂರಕ್ಕೆ ಹಲಗೆಯ ಮೇಲೆ ಪಟ್ಟಿ ಅಂಟಿಸಿದರು. ಮೂರು ಹೆಸರು. ಮೂರನೆಯದು ಅವಳದು.

ಸುತ್ತಲೂ ಹುಡುಗಿಯರು ಅಪ್ಪ ಅವ್ವಂದಿರನ್ನು ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ಮೀನಾ ಕಂಬಕ್ಕೆ ಒರಗಿ ಫೋನು ತೆಗೆದಳು. ಅಪ್ಪ ಹೊಲದಲ್ಲಿರುತ್ತಾನೆ, ಫೋನು ಮನೆಯ ಮೊಳೆಗೆ ತೂಗುಬಿದ್ದಿರುತ್ತದೆ. ಆದರೂ ರಿಂಗಣಿಸಿ ನಿಲ್ಲುವವರೆಗೆ ಕೇಳಿದಳು. ವಿದ್ಯಾವತಿಯವರಿಗೆ ಒಂದು ಸಂದೇಶ ಕಳಿಸಿದಳು. ಆಮೇಲೆ... ಹೇಳಲೇಬೇಕಾದವನೊಬ್ಬ ಉಳಿದಿದ್ದ. ಅವನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಹುಮನಾಬಾದಿನಲ್ಲಿ ಬಸ್ಸು ಬದಲಿಸುವಾಗ ಬಸವಕಲ್ಯಾಣದ ಬಸ್ಸಿನ ಮೆಟ್ಟಿಲ ಮೇಲೆ ಮಹೆಬೂಬ ನಿಂತಿದ್ದ.

"ಡಬ್ಬಿ ಎಲ್ಲದ ಬೇಟಾ? ಈ ಹೊತ್ತಿಗಿ ಡಬ್ಬಿ ಹೋಗಂಗಿಲ್ಲಲ್ಲ?"

"ಡಬ್ಬಿ ಇಲ್ಲ ಕಾಕಾ. ಇವತ್ತ ನಾನೇ ಹೊಂಟೀನಿ."

ಮಹೆಬೂಬ ಅವಳ ಮುಖ ನೋಡಿದ. ತುಟಿಯಂಚಿನಲ್ಲೇ ನಕ್ಕು, ಸೀಟಿ ಊದಿ ಬಸ್ಸು ಬಿಡಿಸಿದ.

* * *

ಮೆಟ್ಟಿಲು ಹತ್ತಿದಾಗ ಸಂಜು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಯಾರದೋ ಹಲ್ಲನ್ನು ಉಜ್ಜುತ್ತಿದ್ದ. ಹೆಜ್ಜೆಯ ಸದ್ದಿಗೆ ತಿರುಗಿದ. ಕೈಯಲ್ಲಿದ್ದದ್ದು ನೆಲಕ್ಕೆ ಬಿತ್ತು.

"ಬಿದ್ದಿದ್ದು ಯಾರ್ದು?" ಎಂದಳು ಮೀನಾ.

"ಬಸವಣಪ್ಪ ಸಾವ್ಕಾರ್ರದು..."

"ಮತ್ತ ಗೆಜ್ಜಿ ಆಗ್ತದ ನೋಡ್ರಿ."

ಅವನು ನಗಲಿಲ್ಲ. ನಗಲು ಧೈರ್ಯ ಸಾಲಲಿಲ್ಲ.

"ಪರೀಕ್ಷಾ...?"

"ಸೀಟು ಸಿಕ್ತು."

ಅವನ ಮುಖ ಅರಳಿತು. ಅರಳಿದ್ದು ಹಾಗೇ ಮೆಲ್ಲಗೆ ಬಾಡಿತು. ಎರಡನ್ನೂ ಮೀನಾ ನೋಡಿದಳು.

"ಚೀಟಿ ಬ್ಯಾಡ ಅಂದಿದ್ದೆ ನಾ," ಎಂದಳು.

"ಚೀಟಿ ಕಳಸ್ಲಿಲ್ಲಲ್ರಿ. ಪ್ಲಾಸ್ಟರಿನ ಮ್ಯಾಲ ಬರೀಬ್ಯಾಡ ಅಂತ ನೀವು ಅಂದಿದ್ದಿಲ್ಲ."

"ನಾ ತಳ ನೋಡ್ಲಿಲ್ಲ. ಮೊನ್ನೆ ತನಕ ಒಂದೂ ನೋಡ್ಲಿಲ್ಲ, ಸಂಜು..."

ಅವಳ ಬಾಯಲ್ಲಿ ಅವನ ಹೆಸರು ಬಂದದ್ದು ಅದೇ ಮೊದಲು. ಅವನು ಮೇಜಿನ ಅಂಚನ್ನು ಹಿಡಿದುಕೊಂಡ.

"ನಿಮ್ಮ ಅವ್ವಗ ಬೈಬ್ಯಾಡ್ರಿ," ಎಂದಳು ಮೀನಾ. "ಬೈದ್ರ ಮುಚ್ಚಿ ಇಟ್ಕೊಳ್ತಾರ. ಬರೋ ಐತಾರ ನಾ ಮೋರಖಂಡಿಗಿ ಬರ್ತೀನಿ. ಬಾಜೂಕ ಕುಂತು, ಬಾಯಿ ತೆಗಿಯವ್ವಾ ಅಂತ ನಾನೇ ಕೇಳ್ತೀನಿ."

"ನಮ್ಮನೀಗಿ... ನೀವು ಬರ್ತೀರಿ?"

"ಕರೆಯೋದಿಲ್ಲೇನು?"

ಅವನು ತೋಳಿನಿಂದಲೇ ಕುರ್ಚಿ ಒರೆಸಿ ಅವಳ ಕಡೆ ಸರಿಸಿದ. ಮೀನಾ ಚೀಲದಿಂದ ಕರವಸ್ತ್ರ ತೆಗೆದು, ಅದರೊಳಗಿನ ಸೀಮೆಸುಣ್ಣದ ಕೋರೆಹಲ್ಲನ್ನು ಮೇಜಿನ ಮೇಲೆ ಇಟ್ಟಳು. ಅವನ ಕೈ ತಾನಾಗಿಯೇ ಅದನ್ನು ಎತ್ತಿಕೊಂಡಿತು. ಬೆಳಕಿಗೆ ಹಿಡಿದ. ಅಂಚು ನೋಡಿದ, ಬಾಗು ನೋಡಿದ.

"ಬಲಗಡೀದು. ಬರೋಬ್ಬರಿ ಅದ," ಎಂದ ಮೆಲ್ಲಗೆ. "ಒಂದೂ ಕೆಂಪು ಗುರ್ತು ಹಾಕಾಕ ಬರಂಗಿಲ್ಲ."

"ತಳ ನೋಡ್ರಿ."

ಮಗುಚಿದ. ಬೆರಳ ಉಗುರಿನಷ್ಟು ಜಾಗದಲ್ಲಿ, ಬಸ್ಸಿನ ಕುಲುಕಿಗೆ ಓರೆಯಾದ ನೀಲಿ ಅಕ್ಷರಗಳು. ಎರಡೇ ಅಕ್ಷರ.

ಅವನು ಅದನ್ನು ಎರಡು ಸಲ ಓದಿದ.

"ಇದ್ರ ಮ್ಯಾಲ... ನನ್ನ ಹೆಸರದ."

"ಯಾರ್ದೋ ಅವ್ರ ಹೆಸರು ಬರೀಬೇಕು ಅಂತ ನೀವೇ ಕಲ್ಸಿದ್ರಿ."

ಕೆಳಗೆ ಸೈಕಲ್ ಅಂಗಡಿಯ ಬಾಗಿಲು ಎಳೆಯುವ ಸದ್ದಾಯಿತು. ಹಲಗೆಯ ಮೇಲಿನ ನೂರು ಬಾಯಿಗಳು ಉಸಿರು ಬಿಗಿಹಿಡಿದಂತೆ ಸುಮ್ಮನಿದ್ದವು. ಸಂಜು ಕಣ್ಣೊರೆಸಿಕೊಂಡ, ಕಣ್ಣ ಕೆಳಗೆಲ್ಲ ಬಿಳಿ ಪುಡಿ ಹತ್ತಿತು.

"ಓದು ಐದು ವರ್ಷ ಅದ, ಮೀನಾ. ನೀ ಅಲ್ಲಿ, ನಾ ಇಲ್ಲಿ... ಭಾಳ ದಿನ ಅದು."

ರೀ ಬಿಟ್ಟು ನೀ ಅಂದದ್ದು ಅವನಿಗೇ ತಿಳಿಯಲಿಲ್ಲ. ಅವಳಿಗೆ ತಿಳಿಯಿತು. ಕರವಸ್ತ್ರದ ತುದಿಯಿಂದ ಅವನ ಕೆನ್ನೆಯ ಪುಡಿ ಒರೆಸುತ್ತ ಹೇಳಿದಳು.

"ಒದ್ದಿ ಅರಿವ್ಯಾಗ ಸುತ್ತಿ ಇಡು. ಒಣಗಂಗಿಲ್ಲ."